ಮೂವತ್ತಡಿ ಸಮುದ್ರ

ಹೆಬ್ಬಾಳದ ಪೀಜಿಯಲ್ಲಿ ನನ್ನ ರೂಮ್‌ಮೇಟ್ ಆಗಿದ್ದವಳು ಮಾನ್ಯತಾ ಟೆಕ್ ಪಾರ್ಕಿನಲ್ಲಿ ಕೆಲಸದಲ್ಲಿದ್ದಳು. ಕಂಪನಿಯವರು ಅವಳನ್ನು ಅಮೆರಿಕಕ್ಕೆ ಕಳಿಸಿ ಒಂದು ವರ್ಷವಾಗಿತ್ತು. ಅಕ್ಟೋಬರಿನ ಒಂದು ಬೆಳಿಗ್ಗೆ, ನಾನು ಚಿತ್ರಾನ್ನದ ತಟ್ಟೆ ಹಿಡಿದು ಕೂತಿದ್ದಾಗ ಅವಳ ಮೆಸೇಜ್ ಬಂತು: "ಸ್ಕೂಬಾ ಕಲಿಯೋಕೆ ಕೆರಿಬಿಯನ್‌ಗೆ ಹೋಗ್ತಿದೀನಿ ಕಣೇ. ಬೊನೇರಾ, ಕೊಜುಮೆಲ್ಲಾ? ನೀನು ರಿಸರ್ಚ್ ಮಾಡೋಳಲ್ವಾ, ನೋಡಿ ಹೇಳು."

ಪಿಎಚ್‌.ಡಿ. ಮಾಡುವವರೆಲ್ಲ ಈ ಮಾತು ಕೇಳಿಯೇ ಇರುತ್ತಾರೆ. ವಾಷಿಂಗ್ ಮೆಷಿನ್‌ನಿಂದ ಹಿಡಿದು ವರನವರೆಗೆ ಎಲ್ಲವನ್ನೂ ನಾವೇ ಹುಡುಕಿಕೊಡಬೇಕು. ನನ್ನ ಸಂಶೋಧನೆ ಮಣ್ಣಿನ ಬಗ್ಗೆ. ಕೆರಿಬಿಯನ್ ಎಂದರೆ ನನಗೆ ಗೊತ್ತಿದ್ದದ್ದು ವೆಸ್ಟ್ ಇಂಡೀಸ್ ಕ್ರಿಕೆಟ್ ತಂಡ ಅಷ್ಟೆ. ಆದರೂ ಎರಡು ರಾತ್ರಿ ಕೂತು ಓದಿದೆ. ಬೊನೇರ್ ನೆದರ್ಲೆಂಡ್ಸಿಗೆ ಸೇರಿದ, ಕಳ್ಳಿ ಬೆಳೆಯುವ ಒಣ ದ್ವೀಪ. ಸುತ್ತಲಿನ ಸಮುದ್ರವನ್ನು 1979ರಲ್ಲೇ ಸಂರಕ್ಷಿತ ಎಂದು ಘೋಷಿಸಿದ್ದಾರೆ. ದೋಣಿ ಬೇಕಿಲ್ಲ, ದಡದಿಂದಲೇ ನಡೆದು ನೀರಿಗಿಳಿಯಬಹುದು. ಎಲ್ಲಿ ಇಳಿಯಬೇಕೆಂದು ತೋರಿಸಲು ರಸ್ತೆ ಬದಿಯಲ್ಲಿ ಹಳದಿ ಬಣ್ಣ ಬಳಿದ ಕಲ್ಲುಗಳಿವೆ. ಕೊಜುಮೆಲ್ ಮೆಕ್ಸಿಕೋದ್ದು. ಅಲ್ಲಿ ಸೆಳೆತ ಹೆಚ್ಚು. ದೋಣಿಯಿಂದ ಇಳಿದು ನೀರು ಒಯ್ದತ್ತ ಸಾಗಬೇಕು. "ಹೊಸಬಳಿಗೆ ಬೊನೇರ್ ವಾಸಿ" ಎಂದು ಬರೆದೆ. ಅವಳು ಒಂದು ಹೃದಯದ ಚಿಹ್ನೆ ಕಳಿಸಿ ಟಿಕೆಟ್ ತೆಗೆದಳು.

ಓದಿದ್ದು ಮಾತ್ರ ನನ್ನ ತಲೆಯಿಂದ ಇಳಿಯಲಿಲ್ಲ. ನಾನು ಪಾವಗಡದ ಕಡೆಯವಳು. ಈಜು ಬರುವುದಿಲ್ಲ. ಸಂಜೆ ಜಕ್ಕೂರು ಕೆರೆಯ ಏರಿ ಮೇಲೆ ನಡೆಯುವಾಗ ನೀರಿನೊಳಗೆ ಏನಿರಬಹುದು ಎಂದು ಯೋಚಿಸುತ್ತಿದ್ದೆ. ಫೆಲೋಶಿಪ್ಪಿನಲ್ಲಿ ಉಳಿಸಿದ ಐವತ್ತು ಸಾವಿರ ಇತ್ತು. ನಾನೂ ಒಂದು ದ್ವೀಪ ಆರಿಸಿಕೊಳ್ಳೋಣ ಎಂದು ಎಕ್ಸೆಲ್ ತೆರೆದೆ.

ಮೊದಲ ಸಾಲಿನಲ್ಲಿ ಅಂಡಮಾನಿನ ಹ್ಯಾವ್‌ಲಾಕ್, 2018ರಿಂದ ಅದರ ಹೆಸರು ಸ್ವರಾಜ್ ದ್ವೀಪ. ವಿಮಾನ, ಆಮೇಲೆ ಹಡಗು. ಹಲವು ಸಲ ಮುಳುಗಿದವರು ಮತ್ತೆ ವಿಮಾನ ಹತ್ತಲು ಕನಿಷ್ಠ 18 ಗಂಟೆ ಕಾಯಬೇಕು, ಹಾಗಾಗಿ ಒಂದು ದಿನದ ಖರ್ಚು ಜಾಸ್ತಿ. ಎರಡನೆಯದು ಲಕ್ಷದ್ವೀಪದ ಕಡಮತ್. ಹೋಗಲು ಪರವಾನಗಿ ಬೇಕು. ಅಲ್ಲಿನ ಹವಳ 1998, 2010, 2016ರಲ್ಲಿ ಸಮುದ್ರ ಬಿಸಿಯಾಗಿ ಬಿಳಿಚಿಕೊಂಡಿತ್ತು, 2024ರಲ್ಲಿ ಮತ್ತೊಮ್ಮೆ. ಇರುವಾಗಲೇ ನೋಡಿಬಿಡಬೇಕು ಅನ್ನಿಸಿತು. ಮೂರನೆಯದು ನಮ್ಮದೇ ನೇತ್ರಾಣಿ: ಭಟ್ಕಳ ತಾಲ್ಲೂಕಿನದು, ಮುರ್ಡೇಶ್ವರದಿಂದ ಸಮುದ್ರದಲ್ಲಿ ಸುಮಾರು 19 ಕಿಲೋಮೀಟರ್. ನೌಕಾಪಡೆಯವರು ಗುರಿ ಅಭ್ಯಾಸಕ್ಕೆ ಬಳಸಿದ ದ್ವೀಪ. ಮಳೆಗಾಲದಲ್ಲಿ ಬಂದ್. 'ನೀರಿನ ತಿಳಿ' ಎಂಬ ಕಾಲಮ್ಮಿನಲ್ಲಿ ನೇತ್ರಾಣಿಗೆ ಕಡಿಮೆ ಅಂಕ ಕೊಟ್ಟೆ.

ನವೆಂಬರಿನಲ್ಲಿ ಅಮ್ಮನ ಫೋನ್. ಹೊಲದ ಬೋರು ನಿಂತುಹೋಗಿತ್ತು. ಅಪ್ಪ ಸಾಲ ಮಾಡಿ ಇನ್ನೊಂದು ಪಾಯಿಂಟ್ ಕೊರೆಸಲು ಹೊರಟಿದ್ದರು. ದುಡ್ಡು ಕೇಳಲಿಲ್ಲ, ಕೇಳುವವರಲ್ಲ. ನಾನೇ ನಲವತ್ತು ಸಾವಿರ ಹಾಕಿದೆ. ಸಾವಿರದ ನೂರು ಅಡಿವರೆಗೂ ಲಾರಿ ಕೊರೆಯಿತು. ಬಂದದ್ದು ಬರೀ ಧೂಳು.

ಉಳಿದ ಹತ್ತು ಸಾವಿರವನ್ನೂ ಕಳಿಸಬೇಕಿತ್ತೇನೋ. ಕಳಿಸಲಿಲ್ಲ. ಜನವರಿ ಮೊದಲ ವಾರ ಮನೆಗೆ "ಫೀಲ್ಡ್ ವರ್ಕ್" ಎಂದು ಸುಳ್ಳು ಹೇಳಿ ಯಶವಂತಪುರದಲ್ಲಿ ಕಾರವಾರದ ಹಗಲು ರೈಲು ಹತ್ತಿದೆ. ಸಕಲೇಶಪುರ ದಾಟಿದ ಮೇಲೆ ಘಾಟಿಯ ಸುರಂಗಗಳು ಶುರುವಾದವು. ಪ್ರತಿ ಕತ್ತಲಲ್ಲೂ ಕಿಟಕಿ ಗಾಜಿನಲ್ಲಿ ನನ್ನ ಮುಖವೇ ಕಾಣುತ್ತಿತ್ತು, ನೋಡಲು ಇಷ್ಟವಾಗಲಿಲ್ಲ.

ಮರುದಿನ ದೋಣಿಯಿಂದ ತಿರುಗಿ ನೋಡಿದರೆ ಮುರ್ಡೇಶ್ವರದ 123 ಅಡಿಯ ಶಿವ ಹೆಬ್ಬೆರಳಷ್ಟಾಗಿದ್ದ. ದ್ವೀಪದ ಮೇಲೆ ಇಳಿಸುವುದಿಲ್ಲ. ಬಂಡೆಯ ಪಕ್ಕದಲ್ಲಿ ಲಂಗರು ಹಾಕಿ ನೀರಿಗಿಳಿಸುತ್ತಾರೆ. ಕಲಿಸುವವರು ಮೂರೇ ಮಾತು ಹೇಳಿದ್ದರು: ಉಸಿರು ಹಿಡಿಯಬೇಡಿ, ಕಿವಿ ನೋಯುವ ಮೊದಲೇ ಮೂಗು ಹಿಡಿದು ಮೆಲ್ಲಗೆ ಗಾಳಿ ಊದಿ, ಏನನ್ನೂ ಮುಟ್ಟಬೇಡಿ. ಹತ್ತು ಮೀಟರಿಗೆ ಮೈಮೇಲಿನ ಒತ್ತಡ ದಡದಲ್ಲಿದ್ದದ್ದರ ಎರಡರಷ್ಟಾಗುತ್ತದೆ ಎಂದು ಪುಸ್ತಕದಲ್ಲಿ ಓದಿದ್ದೆ. ಅಂದು ಕಿವಿಗೆ ಅರ್ಥವಾಯಿತು. ಎದೆ ಹೊಡೆದುಕೊಳ್ಳುತ್ತಿತ್ತು. ಅವರು "ಸರಿಯಿದ್ದೀರಾ?" ಎಂದು ಸನ್ನೆ ಮಾಡಿದಾಗ ಅಭ್ಯಾಸಬಲದಿಂದ ಹೆಬ್ಬೆರಳು ಎತ್ತಿದೆ. ನೀರಿನೊಳಗೆ ಅದರ ಅರ್ಥ 'ಮೇಲಕ್ಕೆ ಹೋಗೋಣ'. ಅವರು ನನ್ನನ್ನು ಮೇಲೆತ್ತತೊಡಗಿದರು! ತಲೆ, ಕೈ ಎಲ್ಲ ಆಡಿಸಿ, ಕೊನೆಗೆ ಬೆರಳು ಮಡಿಸಿ ಸೊನ್ನೆ ತೋರಿಸಿದ ಮೇಲೆ ಮತ್ತೆ ಇಳಿದೆವು.

ಆಮೇಲೆ ಒಂದು ಗಿಳಿಮೀನು ಕಂಡಿತು. ಬಂಡೆಯನ್ನು ಕಚ್ಚುತ್ತಿತ್ತು, ಕರಕರ ಸದ್ದು ಕೇಳುತ್ತಿತ್ತು. ಈ ಮೀನು ಹವಳ ಅರೆದು ನುಂಗಿ ಮರಳು ಮಾಡಿ ಹೊರಹಾಕುತ್ತದೆ. ಐದು ವರ್ಷದಿಂದ ಮಣ್ಣು ಓದುತ್ತಿರುವ ನಾನು ಮಣ್ಣಿನಂಥದ್ದೊಂದು ತಯಾರಾಗುವುದನ್ನು ಕಣ್ಣಾರೆ ಕಂಡದ್ದು ಅದೇ ಮೊದಲು. ಅಷ್ಟು ಹೊತ್ತು ಉಸಿರಾಟ ಮರೆತೇಹೋಗಿತ್ತು. ಅಂದರೆ ಸರಿಯಾಗಿ ನಡೆಯುತ್ತಿತ್ತು.

ದೋಣಿಯಲ್ಲಿ ಒದ್ದೆಯಾಗಿ ಕೂತಾಗ ನನ್ನ ಎಕ್ಸೆಲ್ ನೆನಪಾಗಿ ನಗು ಬಂತು. ಕಾಲಮ್ಮುಗಳೆಲ್ಲ ಸಮುದ್ರದ್ದು, ನನ್ನ ಬಗ್ಗೆ ಒಂದೂ ಇರಲಿಲ್ಲ. ಮೊದಲ ಸಲ ಮುಳುಗುವವಳು ಅರ್ಧ ಹೊತ್ತು ತನ್ನ ಕಿವಿ, ಉಸಿರು, ಭಯವನ್ನೇ ನೋಡುತ್ತಿರುತ್ತಾಳೆ. ನೂರಡಿ ದೂರ ಕಾಣುವ ತಿಳಿನೀರು ಅವಳಿಗೇಕೆ? ಯಾರಾದರೂ ಯಾವ ದ್ವೀಪ ಎಂದು ಕೇಳಿದರೆ ಈಗ ನಾನು ಮೊದಲು ಕೇಳುವುದು ಒಬ್ಬ ಕಲಿಸುವವರಿಗೆ ಎಷ್ಟು ಜನ, ಹೆದರಿದರೆ ಕಾಯುತ್ತಾರಾ ಎಂದು. ಕಡಮತ್, ಬೊನೇರ್ ಆಮೇಲಿನ ಮಾತು.

ಸಂಕ್ರಾಂತಿಗೆ ಊರಿಗೆ ಹೋದೆ. ಒಣಗಿದ ಬೋರಿನ ಬಾಯಿಗೆ ಕಲ್ಲು ಮುಚ್ಚಿದ್ದರು. ಅಪ್ಪನ ಜೊತೆ ಅಲ್ಲಿ ನಿಂತಾಗ ಸುಳ್ಳು ಹೊಟ್ಟೆಯೊಳಗೆ ಉಳಿಯಲಿಲ್ಲ.

"ಫೀಲ್ಡ್ ವರ್ಕ್ ಅಲ್ಲಪ್ಪ. ಸಮುದ್ರದೊಳಗೆ ಇಳಿಯೋಕೆ ಹೋಗಿದ್ದೆ."

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಎಷ್ಟಡಿ ಇಳಿದ್ಯಮ್ಮ?"

"ಮೂವತ್ತು."

"ದುಡ್ಡು?"

"ಎಲ್ಲಾ ಸೇರಿ ಎಂಟು ಸಾವಿರದ ನೂರು."

ಅವರು ಬೆರಳು ಮಡಿಸಿ ಲೆಕ್ಕ ಹಾಕಿದರು. "ಅಡಿಗೆ ಇನ್ನೂರೆಪ್ಪತ್ತು. ಬೋರ್ ಲಾರಿಯವನೇ ವಾಸಿ." ಆಮೇಲೆ ಕಲ್ಲಿನ ಕಡೆ ನೋಡುತ್ತಾ ಅಂದರು, "ಹೋಗ್ಲಿ ಬಿಡು, ನಿನಗಾದ್ರೂ ನೀರು ಸಿಕ್ತಲ್ಲ."