ಗೆದ್ದವನ ಭಾವಚಿತ್ರ

2024ರ ಅಕ್ಟೋಬರ್ ತಿಂಗಳಲ್ಲಿ ಕೇರಳ ಸರ್ಕಾರದ ತಿರುವೋಣಂ ಬಂಪರ್ ಲಾಟರಿಯ 25 ಕೋಟಿ ರೂಪಾಯಿಗಳ ಪ್ರಥಮ ಬಹುಮಾನವು ಮಂಡ್ಯ ಜಿಲ್ಲೆಯ ಪಾಂಡವಪುರದ ಮೆಕ್ಯಾನಿಕ್ ಒಬ್ಬರಿಗೆ ಒಲಿಯಿತು. ಕನ್ನಡಿಗರೊಬ್ಬರ ಭಾಗ್ಯದ ಬಾಗಿಲು ತೆರೆಯಿತೆಂದು ನಾವೂ ಹರ್ಷಿಸಿದೆವು. ಕರ್ನಾಟಕದಲ್ಲಿ 2007ರಿಂದ ಲಾಟರಿ ನಿಷಿದ್ಧ. ಅವರ ಟಿಕೆಟು ವಯನಾಡಿನ ಸುಲ್ತಾನ್ ಬತ್ತೇರಿಯಲ್ಲಿ ಮಾರಾಟವಾದದ್ದು. ಕೆಲವು ದಿನ ವಾಹಿನಿಗಳ ತುಂಬ ಅವರದೇ ಮುಖ, ಆ ಅಂಗಡಿಯದೇ ಮಾತು. ಸುದ್ದಿಯೆನಿಸಿಕೊಂಡದ್ದರಿಂದ ಈ ಪ್ರಚಾರಕ್ಕೆ ಜಾಹೀರಾತಿನ ದರವಿಲ್ಲ.

ಕ್ಯಾಸಿನೊಗಳು ಈ ವಿದ್ಯೆಯನ್ನು ಶಾಸ್ತ್ರವಾಗಿಯೇ ಬೆಳೆಸಿವೆ. ಲಾಸ್ ವೇಗಸ್ಸಿನಲ್ಲಿ ದೊಡ್ಡ ಮೊತ್ತ ಗೆದ್ದವರ ಕೈಗೆ ಬಾಗಿಲಗಲದ ರಟ್ಟಿನ ಚೆಕ್ಕನ್ನು ಕೊಟ್ಟು ಚಿತ್ರ ತೆಗೆಸುತ್ತಾರೆ. ಅಲ್ಲಿನ ಜೂಜಿನ ಯಂತ್ರಗಳಿಂದ ಹಿಂದೆ ನಾಣ್ಯಗಳು ಲೋಹದ ತಟ್ಟೆಗೆ ಝಣಝಣನೆ ಸುರಿಯುತ್ತಿದ್ದವು. ಈಗ ನಾಣ್ಯಗಳಿಲ್ಲ, ಆದರೂ ಆ ಸದ್ದನ್ನು ಧ್ವನಿಮುದ್ರಿಸಿ ಕೇಳಿಸುತ್ತಾರೆ! ಗೆಲುವು ಇಡೀ ಸಭಾಂಗಣಕ್ಕೆ ಕೇಳಬೇಕು. ಸೋಲಿಗೆ ಮಾತ್ರ ಗಂಟೆಯಿಲ್ಲ, ದೀಪವಿಲ್ಲ. ಸೋತವನು ಸದ್ದಿಲ್ಲದೆ ಎದ್ದು ಹೋಗುತ್ತಾನೆ.

ಇದೆಲ್ಲ ದೂರದ ಮಾತೆಂದು ಆಲೂರಿನ ನಾವು ಸುಮ್ಮನಿರುವಂತಿಲ್ಲ. ನ್ಯೂಯಾರ್ಕಿನಿಂದ ಮುಂಬಯಿಗೆ ತಂತಿಯಲ್ಲಿ ಬರುತ್ತಿದ್ದ ಹತ್ತಿಯ ಆರಂಭ ಮತ್ತು ಮುಕ್ತಾಯದ ದರಗಳ ಮೇಲೆ ಪಣ ಕಟ್ಟುವುದೇ ಮಟ್ಕಾದ ಮೂಲ. 'ಓಪನ್', 'ಕ್ಲೋಸ್' ಎಂಬ ಮಾತುಗಳು ಅಲ್ಲಿಂದ ಉಳಿದವು. ಆ ದರಗಳು ನಿಂತ ಮೇಲೆ ಮಡಕೆಯಿಂದ ಚೀಟಿ ಎತ್ತತೊಡಗಿದರು. ಹತ್ತಿಯ ಪೇಟೆಯಾದ ಆದೋನಿಯ ಸೀಮೆಗೆ ಅದು ಅಪರಿಚಿತವಲ್ಲ. ಕಾನೂನು ಒಪ್ಪದ ಆಟಕ್ಕೆ ಪತ್ರಿಕೆಯ ಜಾಹೀರಾತಿಲ್ಲ, ನಿಜ. ಆದರೆ ಚೀಟಿ ಬರೆಯುವವನು ಗೆದ್ದವನಿಗೆ ಬೇಗನೆ ಹಣ ಎಣಿಸಿಬಿಟ್ಟರೆ ಸಾಕು, ಮುಂದಿನದನ್ನು ಚಹಾದಂಗಡಿಯೇ ನೋಡಿಕೊಳ್ಳುತ್ತದೆ. ಇಂಥವನು ಒಂದೇ ಅಂಕಿಯಲ್ಲಿ ಮಗಳ ಮದುವೆ ಮಾಡಿದನಂತೆ ಎಂಬ ಕಥೆ ಊರೂರು ತಿರುಗುತ್ತದೆ. ಹೆಂಡತಿಯ ಓಲೆ ಅಡವಿಟ್ಟವನ ಕಥೆ ಅವನ ಮನೆಯ ಹೊಸ್ತಿಲನ್ನೂ ದಾಟುವುದಿಲ್ಲ.

ಮೇಷ್ಟರಾಗಿ ಹಾಜರಿ ಕೂಗಿದ ನಮಗೆ ಒಂದು ಲೆಕ್ಕ ಹೊಳೆಯುತ್ತದೆ. 2024ರ ಆ ಬಂಪರಿನಲ್ಲಿ 500 ರೂಪಾಯಿಯ 70 ಲಕ್ಷಕ್ಕೂ ಮಿಕ್ಕಿದ ಟಿಕೆಟುಗಳು ಮಾರಾಟವಾದವು. ಸಣ್ಣ ಬಹುಮಾನಗಳನ್ನೆಲ್ಲ ಧಾರಾಳವಾಗಿ ಕಳೆದು, 60 ಲಕ್ಷ ಟಿಕೆಟುಗಳು ಬರಿದಾದವೆಂದು ಹಿಡಿಯೋಣ. ಗೆದ್ದ ಸಂಖ್ಯೆಯನ್ನು ಕೂಗಿದಂತೆ ಇವನ್ನೂ ಸೆಕೆಂಡಿಗೊಂದರಂತೆ ಕೂಗಿದರೆ, ಊಟ ನಿದ್ರೆಗಳನ್ನು ಬಿಟ್ಟು 69 ದಿನ ಕೂಗಬೇಕು. ಯಾವ ವಾಹಿನಿ ಅದನ್ನು ಪ್ರಸಾರ ಮಾಡೀತು?

ಇನ್ನು ಭಾವಚಿತ್ರಕ್ಕೆ ನಿಂತವನ ಪಾಡು. 2022ರಲ್ಲಿ ಇದೇ ಓಣಂ ಬಂಪರಿನ 25 ಕೋಟಿ ತಿರುವನಂತಪುರದ ಆಟೋರಿಕ್ಷಾ ಚಾಲಕರೊಬ್ಬರಿಗೆ ಬಂದಿತ್ತು. ಏಜೆಂಟರ ಕಮಿಷನ್ ಮತ್ತು ತೆರಿಗೆ ಕಳೆದು ಸುಮಾರು 15.75 ಕೋಟಿ. ಆ ಹಣ ಕೈಸೇರುವ ಮೊದಲೇ ನೆರವು ಕೇಳುವವರು ಮನೆಯನ್ನು ಮುತ್ತಿದರು. ಅವರು ಬಂಧುಗಳ ಮನೆಯಲ್ಲಿ ತಲೆಮರೆಸಿಕೊಳ್ಳಬೇಕಾಯಿತು. ಗೆಲ್ಲದಿದ್ದರೇ ಚೆನ್ನಾಗಿತ್ತೆಂದು ಅವರೇ ವಿಡಿಯೊದಲ್ಲಿ ಅಲವತ್ತುಕೊಂಡರು. ಅದನ್ನು ದೇಶವೇ ನೋಡಿತು. ಮರುವರ್ಷ, 2023ರಲ್ಲಿ, ಓಣಂ ಬಂಪರಿನ ಮಾರಾಟ ಹಿಂದಿನ ದಾಖಲೆಗಳನ್ನೆಲ್ಲ ಮೀರಿತು.