ಭಾಯಿಜಾನ್‌ರ ಕಂಪ್ಯೂಟರ್ ಮತ್ತು ನನ್ನ ತಪ್ಪು

ನಿಮ್ಮ ಮನೆಯ ಅಟ್ಟದಲ್ಲೂ ಹಳೆಯ ಕಂಪ್ಯೂಟರೊಂದು ಬಟ್ಟೆ ಹೊದ್ದು ಕುಳಿತಿರಬಹುದು. ಅದನ್ನು ಗುಜರಿಗೆ ಹಾಕುವ ಮೊದಲು ನನ್ನ ಈ ಕಥೆಯನ್ನು ಸ್ವಲ್ಪ ಕೇಳಿ.

ನನ್ನ ಅಣ್ಣ, ನಾವೆಲ್ಲ ಭಾಯಿಜಾನ್ ಎಂದು ಕರೆಯುತ್ತಿದ್ದವರು, ಪೀಣ್ಯದ ಒಂದು ಕಾರ್ಖಾನೆಯಲ್ಲಿ ಲೇತ್ ಯಂತ್ರ ನಡೆಸುತ್ತಿದ್ದರು. 2001ರಲ್ಲಿ ಓವರ್‌ಟೈಮ್ ಹಣ ಕೂಡಿಸಿ ಎಸ್.ಪಿ. ರೋಡಿನಿಂದ ಬಿಡಿಭಾಗಗಳನ್ನು ತಂದು ಒಂದು ಕಂಪ್ಯೂಟರ್ ಜೋಡಿಸಿಕೊಂಡರು. ಹಗಲು ಕಬ್ಬಿಣ, ರಾತ್ರಿ ಅಕ್ಷರ. ಮದುವೆಯ ಕಾಗದ, ಅಂಗಡಿಯ ಬಿಲ್ಲು, ಉರ್ದು ಮತ್ತು ಕನ್ನಡ ಕರಪತ್ರಗಳನ್ನೆಲ್ಲ ಆ ಪರದೆಯ ಮೇಲೆ ಜೋಡಿಸುತ್ತಿದ್ದರು. ಮದ್ರಸದ ಓದು ಮುಗಿಸಿ ಮನೆಯಲ್ಲಿದ್ದ ನನಗೆ ಮುಕ್ತ ವಿಶ್ವವಿದ್ಯಾನಿಲಯದ ಬಿ.ಎ. ಅರ್ಜಿಯನ್ನು ತಂದುಕೊಟ್ಟವರೂ ಅವರೇ. ನನ್ನ ಇತಿಹಾಸದ ಟಿಪ್ಪಣಿಗಳನ್ನು ರಾತ್ರಿ ಹನ್ನೊಂದರವರೆಗೆ ಕುಳಿತು ಟೈಪ್ ಮಾಡಿಕೊಟ್ಟರು. ನಾನು ಇಂದು ಶಿಕ್ಷಕಿ ಎನಿಸಿಕೊಂಡಿದ್ದರೆ ಅದರಲ್ಲಿ ಆ ಕಂಪ್ಯೂಟರಿನ ಪಾಲೂ ಇದೆ.

2021ರಲ್ಲಿ ಭಾಯಿಜಾನ್ ತೀರಿಕೊಂಡರು. ಭಾಭಿ ಆ ಕಂಪ್ಯೂಟರನ್ನು ಯಾರಿಗೂ ಕೊಡಲಿಲ್ಲ. ಎರಡು ವರ್ಷಗಳ ನಂತರ ಅವರು ದಾಸರಹಳ್ಳಿಯೊಳಗೇ ಬೇರೆ ಬಾಡಿಗೆ ಮನೆಗೆ ಹೋಗುವಾಗ ಸಾಮಾನು ಸಾಗಿಸಲು ನಾನೂ ಹೋಗಿದ್ದೆ. ಕಂಪ್ಯೂಟರಿನ ಪೆಟ್ಟಿಗೆಗೆ ಒಂದು ಬದಿಯ ಮುಚ್ಚಳ ಇರಲಿಲ್ಲ. ನಾನು ಜಾಗ ಉಳಿಸಲೆಂದು ಅದರ ಪಕ್ಕಕ್ಕೆ ಕುಕ್ಕರನ್ನು ಒತ್ತಿ ಇಟ್ಟೆ. ಇಳಿಸುವಾಗ ನೋಡಿದರೆ ಒಳಗಿನ ಒಂದು ಹಲಗೆ ಓರೆಯಾಗಿತ್ತು. ಸರಿಪಡಿಸೋಣವೆಂದು ಜೋರಾಗಿ ಎಳೆದೆ. ಹಲಗೆ ಕೈಗೆ ಬಂತು. ಅದರ ಜೊತೆ ಮೆಣಸಿನ ಕಾಳಿಗಿಂತ ತುಸು ದೊಡ್ಡದಾದ ಎರಡು ಬೆಳ್ಳಿ ಬಣ್ಣದ ಡಬ್ಬಿಗಳು ನೆಲಕ್ಕೆ ಉದುರಿದವು.

ಸಹೋದರಿಯರೇ, ಆಗ ನಾನೇನು ಮಾಡಿದೆ ಗೊತ್ತೇ? ಹಲಗೆಯನ್ನು ಇದ್ದಲ್ಲಿಯೇ ಸಿಕ್ಕಿಸಿದೆ. ಆ ಎರಡು ಡಬ್ಬಿಗಳನ್ನು ಕಸದೊಂದಿಗೆ ಗುಡಿಸಿ ಎಸೆದುಬಿಟ್ಟೆ. ಯಾರೂ ನೋಡಿರಲಿಲ್ಲ.

ಮರುದಿನ ಭಾಭಿ ಕಂಪ್ಯೂಟರ್ ಹಾಕಿದಾಗ ಪರದೆ ಕಪ್ಪಾಗಿಯೇ ಇತ್ತು. ಒಂದು ಉದ್ದ ಸದ್ದು, ಎರಡು ಗಿಡ್ಡ ಸದ್ದು. ಪರದೆಗೆ ಚಿತ್ರ ಕಳಿಸುವ ಭಾಗ ಕೆಲಸ ಮಾಡುತ್ತಿಲ್ಲವೆಂದು ಯಂತ್ರವು ಹೇಳುವ ಭಾಷೆ ಅದು. "ವಯಸ್ಸಾಯಿತು ಪಾಪ" ಎಂದು ಭಾಭಿ ಬಟ್ಟೆ ಮುಚ್ಚಿದರು. ನಾನು ಸುಮ್ಮನಿದ್ದೆ. ಮಕ್ಕಳಿಗೆ ಅಮಾನತ್ತಿನ ಪಾಠ ಹೇಳುವವಳು ಒಂದು ವರ್ಷ ಸುಮ್ಮನಿದ್ದೆ.

ಭಾಯಿಜಾನ್‌ರ ಮಗಳು ಎಲೆಕ್ಟ್ರಾನಿಕ್ಸ್‌ನಲ್ಲಿ ಡಿಪ್ಲೊಮಾ ಮಾಡಿದ್ದಾಳೆ. ಪೀಣ್ಯದಲ್ಲಿ ಯಂತ್ರಗಳ ಕಂಟ್ರೋಲ್ ಬೋರ್ಡ್ ದುರಸ್ತಿ ಮಾಡುವ ಒಂದು ಚಿಕ್ಕ ಘಟಕದಲ್ಲಿ ಕೆಲಸ. ಅಲ್ಲಿನ ಎಷ್ಟೋ ಶೆಡ್‌ಗಳಲ್ಲಿ ಇಪ್ಪತ್ತು ಇಪ್ಪತ್ತೈದು ವರ್ಷ ಹಳೆಯ ಯಂತ್ರಗಳು ಇನ್ನೂ ದುಡಿಯುತ್ತಿವೆ. ಅವುಗಳ ಬೋರ್ಡ್‌ಗಳನ್ನು ಈಗ ಯಾರೂ ತಯಾರಿಸುವುದಿಲ್ಲ. ಒಂದು ಬೋರ್ಡ್ ಕೆಟ್ಟರೆ ಯಂತ್ರ ನಿಲ್ಲುತ್ತದೆ, ಯಂತ್ರ ನಿಂತರೆ ಕೂಲಿ ನಿಲ್ಲುತ್ತದೆ. ಇಷ್ಟೆಲ್ಲ ತಿಳಿದಿದ್ದರೂ ನಾನೇ ಅವಳಿಗೆ, "ಹೆಣ್ಣು ಮಗುವಿಗೆ ಈ ಸೀಸದ ಹೊಗೆ ಯಾಕಮ್ಮ? ಸಂಬಂಧ ಬರುವಾಗ ಏನು ಹೇಳೋಣ?" ಎನ್ನುತ್ತಿದ್ದೆ.

ಒಂದು ಭಾನುವಾರ ಅವಳು ಅಬ್ಬಾನ ಕಂಪ್ಯೂಟರನ್ನು ಬಿಚ್ಚಿದಳು. ಹಾರ್ಡ್ ಡಿಸ್ಕಿನಲ್ಲಿದ್ದದ್ದನ್ನೆಲ್ಲ ಮೊದಲೇ ಬೇರೆ ಕಡೆ ಉಳಿಸಿಕೊಂಡಿದ್ದಳು. ಆದರೆ ಭಾಭಿಗೆ ಬೇಕಾದದ್ದು ಫೈಲುಗಳಲ್ಲ, ಆ ಪರದೆ ಮೊದಲಿನಂತೆ ಬೆಳಗುವುದನ್ನು ನೋಡುವುದು. ಆ ಹಲಗೆಯ ಹೆಸರು ಗ್ರಾಫಿಕ್ಸ್ ಕಾರ್ಡ್. ಅದರ ಚಿಪ್ ಎನ್ವಿಡಿಯಾ 1999ರಲ್ಲಿ ಹೊರತಂದ ರಿವಾ ಟಿಎನ್‌ಟಿ 2. ಇಂದು ಕೃತಕ ಬುದ್ಧಿಮತ್ತೆಯ ಚಿಪ್‌ಗಳಿಗಾಗಿ ಜಗತ್ತೆಲ್ಲ ಹೆಸರು ಹೇಳುವ ಅದೇ ಕಂಪೆನಿ. ಕಾರ್ಡ್ ಕೂರುವುದು ಎಜಿಪಿ ಎಂಬ ಸೀಳಿನಲ್ಲಿ. 2004ರಿಂದ ಅದರ ಜಾಗಕ್ಕೆ ಪಿಸಿಐ ಎಕ್ಸ್‌ಪ್ರೆಸ್ ಬಂದಿದ್ದರಿಂದ ಈಗಿನ ಕಾರ್ಡ್ ತಂದು ಅಲ್ಲಿ ಸಿಕ್ಕಿಸಲು ಆಗದು.

ಅವಳು ಭೂತಗನ್ನಡಿ ಹಿಡಿದು ನೋಡಿ ಹೇಳಿದಳು: "ಫೂಫಿ, ಇದು ವಯಸ್ಸಾಗಿ ಹೋದದ್ದಲ್ಲ. ಯಾರೋ ಎಳೆದು ಕಿತ್ತಿದ್ದಾರೆ."

ನನ್ನ ಬಾಯಿ ಒಣಗಿತು. ಭಾಭಿ ಅಲ್ಲಿಯೇ ಅಕ್ಕಿ ಆರಿಸುತ್ತಿದ್ದರು. ಇನ್ನು ಮುಚ್ಚಿಡಲು ಆಗಲಿಲ್ಲ. "ಯಾರೋ ಅಲ್ಲ, ನಾನು" ಎಂದೆ. ಎಲ್ಲವನ್ನೂ ಹೇಳಿದೆ. ಭಾಭಿ ತಲೆ ಎತ್ತದೆ, "ಅಂದೇ ಹೇಳಬಹುದಿತ್ತಲ್ಲ" ಎಂದರು. ಬೈದಿದ್ದರೆ ಹಗುರವಾಗುತ್ತಿತ್ತು. ಹುಡುಗಿ ಮಾತ್ರ ಕೇಳಿದ್ದು ಬೇರೆಯೇ ಪ್ರಶ್ನೆ: "ಆ ಡಬ್ಬಿಗಳ ಮೇಲೆ ಏನು ಬರೆದಿತ್ತು ಫೂಫಿ?"

ಅದನ್ನೇ ನಾನು ಗುಡಿಸಿ ಎಸೆದಿದ್ದೆ.

ಆ ಡಬ್ಬಿಗಳಿಗೆ ಕೆಪಾಸಿಟರ್ ಎನ್ನುತ್ತಾರೆ. ಕಾವೇರಿ ನೀರು ಬಂದಾಗ ನಾವು ಟ್ಯಾಂಕು ತುಂಬಿಸಿಟ್ಟುಕೊಂಡು ಎಲ್ಲ ನಲ್ಲಿಗಳನ್ನು ಒಮ್ಮೆಲೇ ತಿರುಗಿಸಿದರೂ ನೀರು ನಿಲ್ಲದಂತೆ ನೋಡಿಕೊಳ್ಳುವುದಿಲ್ಲವೇ? ಹಾಗೆಯೇ ಕೆಪಾಸಿಟರ್ ಚಿಪ್ಪಿನ ಪಕ್ಕದಲ್ಲಿ ತುಸು ವಿದ್ಯುತ್ತನ್ನು ಕೂಡಿಟ್ಟುಕೊಂಡು ಬೇಕೆಂದಾಗ ತಕ್ಷಣ ಕೊಡುತ್ತದೆ. ಎಷ್ಟು ಕೂಡಿಡಬಲ್ಲದು, ಎಷ್ಟು ವೋಲ್ಟ್ ತಾಳಬಲ್ಲದು ಎಂಬುದು ಅದರ ನೆತ್ತಿಯ ಮೇಲೆ ಬರೆದಿರುತ್ತದೆ. ಹುಡುಗಿ ಮಲ್ಟಿಮೀಟರ್ ಹಿಡಿದು ಒಂದೊಂದೇ ತಾಮ್ರದ ಗೆರೆಯನ್ನು ಹುಡುಕುತ್ತಾ ಹೋದಳು. ಖಾಲಿ ಜಾಗಗಳೆರಡೂ, ಪಕ್ಕದಲ್ಲೇ ಉಳಿದಿದ್ದ ಅದೇ ಅಳತೆಯ ಇನ್ನೊಂದು ಡಬ್ಬಿಯೂ ಒಂದೇ ಗೆರೆಗೆ ಸೇರಿದ್ದವು. ಉಳಿದದ್ದರ ಮೇಲೆ 100 ಮೈಕ್ರೋಫ್ಯಾರಡ್, 16 ವೋಲ್ಟ್ ಎಂದಿತ್ತು. ಅದನ್ನೇ ನಂಬಿ ಎಸ್.ಪಿ. ರೋಡಿಗೆ ಹೋದೆವು. ವೋಲ್ಟಿನ ಅಂಕಿ ಹೆಚ್ಚಾದರೂ ಪರವಾಗಿಲ್ಲ, ಕಡಿಮೆಯಾಗಬಾರದು ಎಂದು ದಾರಿಯಲ್ಲಿ ಕಲಿಸಿದಳು.

ನೆರೆಯ ಹುಡುಗನೊಬ್ಬ, "ಕಾರ್ಡನ್ನು ಓವನಿನಲ್ಲಿಟ್ಟು ಬಿಸಿ ಮಾಡಿ, ಸರಿಯಾಗುತ್ತದೆ" ಎಂದಿದ್ದ. ದಯವಿಟ್ಟು ಹಾಗೆ ಮಾಡಬೇಡಿ. ಆ ಕಾಲದ ಬೆಸುಗೆಯಲ್ಲಿ ತವರದ ಜೊತೆ ಸೀಸವಿದೆ. 183 ಡಿಗ್ರಿಗೆ ಅದು ಕರಗುತ್ತದೆ. ಕೇಕ್ ಬೇಯಿಸುವ ಜಾಗದಲ್ಲಿ ಸೀಸ ಸೇರಬಾರದು. ಕಿತ್ತುಹೋದ ಡಬ್ಬಿಯೂ ಅದರಿಂದ ಹುಟ್ಟಿ ಬರುವುದಿಲ್ಲ.

ಅವಳು ಕಿಟಕಿ ತೆರೆದು, ಚಿಕ್ಕ ಫ್ಯಾನ್ ಹಚ್ಚಿ ಕುಳಿತಳು. ಒಂದು ಕಡೆ ಡಬ್ಬಿಯ ಜೊತೆ ತಾಮ್ರದ ಕಾಲ್ಜಾಗವೇ ಎದ್ದು ಹೋಗಿತ್ತು. ಅಲ್ಲಿ ಗೆರೆಯ ಮೇಲಿನ ಹಸಿರು ಬಣ್ಣವನ್ನು ಮೆಲ್ಲನೆ ಕೆರೆದು ಕೂದಲಿನಂಥ ತಂತಿಯೊಂದನ್ನು ಬೆಸೆದು ಸೇತುವೆ ಕಟ್ಟಿದಳು. ಡಬ್ಬಿಯ ಕಪ್ಪು ಗುರುತು ಋಣ ಬದಿಗೆ ಬರುವಂತೆ ಕೂರಿಸಿದಳು. ಉಲ್ಟಾ ಹಾಕಿದರೆ ಅದು ಸಿಡಿಯಬಹುದಂತೆ. ತಿರುಗದ ಪುಟ್ಟ ಫ್ಯಾನಿಗೆ ಭಾಭಿಯ ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ. ಕಾರ್ಡಿನ ಚಿನ್ನದ ಬಣ್ಣದ ಅಂಚಿಗೆ ನನ್ನ ಶಾಲೆಯ ಚೀಲದಲ್ಲಿದ್ದ ರಬ್ಬರ್. ನನಗೆ ಸಿಕ್ಕ ಕೆಲಸ ಅದೊಂದೇ. ಬಹಳ ಶ್ರದ್ಧೆಯಿಂದ ಉಜ್ಜಿದೆ.

ಎಲ್ಲಿಯೂ ಶಾರ್ಟ್ ಇಲ್ಲವೆಂದು ಎರಡು ಸಲ ನೋಡಿದ ಮೇಲೆ ಸ್ವಿಚ್ ಒತ್ತಿದಳು. ಈ ಬಾರಿ ಒಂದೇ ಒಂದು ಗಿಡ್ಡ ಸದ್ದು. ಮೊದಲು ಕಾರ್ಡಿನ ಹೆಸರು, ಆಮೇಲೆ ಉಳಿದ ಸಾಲುಗಳು, ಕೊನೆಗೆ ಆ ಹಳೆಯ ನೀಲಿ ಪರದೆ. ಅದರ ಮೂಲೆಯಲ್ಲಿ ನನ್ನ ಹೆಸರಿನ ಫೋಲ್ಡರ್, ಅದರೊಳಗೆ ನನ್ನ ಬಿ.ಎ. ಟಿಪ್ಪಣಿಗಳು. ಅಲ್‌ಹಮ್ದುಲಿಲ್ಲಾಹ್. ಭಾಭಿ ಬಹಳ ಹೊತ್ತು ಕುರ್ಚಿಯಿಂದ ಏಳಲಿಲ್ಲ.

ಹೆಣ್ಣಿನ ಕೈಗೆ ಇದು ತಕ್ಕ ಕೆಲಸವಲ್ಲ ಎಂದುಕೊಂಡಿದ್ದೆನಲ್ಲ, ಪೀಣ್ಯಕ್ಕೆ ಅಂಟಿಕೊಂಡೇ ಜಾಲಹಳ್ಳಿ ಇದೆ. 1961ರಲ್ಲಿ ಅಲ್ಲಿ ಆರಂಭವಾದ ಎಚ್‌ಎಂಟಿ ಕೈಗಡಿಯಾರ ಕಾರ್ಖಾನೆಯಲ್ಲಿ ಗಡಿಯಾರದ ಕೂದಲೆಳೆಯಂಥ ಭಾಗಗಳನ್ನು ಜೋಡಿಸಿದವರಲ್ಲಿ ಮಹಿಳೆಯರು ಎಷ್ಟೋ ಮಂದಿ. ವೈಟ್‌ಫೀಲ್ಡ್ ಕಡೆಯ ದೂರವಾಣಿನಗರದ ಐಟಿಐಯಲ್ಲಿ ಟೆಲಿಫೋನ್ ಭಾಗಗಳನ್ನು ಜೋಡಿಸಿದ ಸಾಲುಗಳಲ್ಲೂ ಅವರಿದ್ದರು. ಜರಿ ಕಸೂತಿ ಹಾಕುವ ನಮ್ಮ ಕೈಗಳಿಗೆ ಇದು ಹೊಸ ವಿದ್ಯೆಯೇನಲ್ಲ.

ನಿಮ್ಮಲ್ಲೂ ಇಂಥ ವಸ್ತುವಿದ್ದರೆ ತೂಕಕ್ಕೆ ಮಾರುವ ಮೊದಲು ದುರಸ್ತಿ ಬಲ್ಲವರಿಗೆ ತೋರಿಸಿ. ಸರಿಯಾಗದಿದ್ದರೆ ಅಧಿಕೃತ ಇ-ತ್ಯಾಜ್ಯ ಸಂಗ್ರಹಕಾರರಿಗೆ ಕೊಡಿ. ಗಲ್ಲಿಗಳಲ್ಲಿ ಚಿನ್ನ, ತಾಮ್ರಕ್ಕಾಗಿ ಅದನ್ನು ಆಮ್ಲದಲ್ಲಿ ಅದ್ದಿ ಸುಡುವವರಿದ್ದಾರೆ, ಆ ಹೊಗೆ ಯಾರದೋ ಮಕ್ಕಳ ಮೂಗಿಗೇ ಹೋಗುತ್ತದೆ. ಮತ್ತು ನಿಮ್ಮ ಕೈಯಿಂದ ಏನಾದರೂ ಮುರಿದರೆ ಚೂರುಗಳನ್ನು ಎಸೆಯಬೇಡಿ, ಅಂದೇ ಹೇಳಿಬಿಡಿ. ದುರಸ್ತಿ ಮಾಡುವವರಿಗೆ ಆ ಚೂರುಗಳು ಬೇಕಾಗುತ್ತವೆ.

ಕಳೆದ ತಿಂಗಳು ಹುಡುಗಿಯನ್ನು ನೋಡಲು ಒಂದು ಕುಟುಂಬ ಬಂದಿತ್ತು. "ಹುಡುಗಿ ಏನು ಮಾಡುತ್ತಾಳೆ?" ಎಂದು ಹಿರಿಯರು ಕೇಳಿದರು. ಭಾಭಿ ನನ್ನ ಮುಖ ನೋಡಿದರು. "ಬೋರ್ಡ್ ದುರಸ್ತಿ ಮಾಡುತ್ತಾಳೆ. ನಾನು ಮುರಿದದ್ದನ್ನೂ ಅವಳೇ ಸರಿಮಾಡಿದ್ದು" ಎಂದು ನಾನೇ ಹೇಳಿದೆ. ಅವರ ಉತ್ತರ ಇನ್ನೂ ಬಂದಿಲ್ಲ. ಬಂದರೂ ಬಾರದಿದ್ದರೂ ಅವಳ ಕೆಲಸವನ್ನು ಇನ್ನು ಮುಚ್ಚಿಡುವುದಿಲ್ಲ.