ಹೊಳಲಿನ ಹಾದಿಯಲ್ಲಿ
2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿದ ಹೂವಿನಹಡಗಲಿ ತಾಲ್ಲೂಕಿನ ಹೊಳಲಿನಲ್ಲಿ ಅನಂತಶಯನನು ಶೇಷತಲ್ಪದ ಮೇಲೆ ಸುಖವಾಗಿ ಪವಡಿಸಿರುವನು. ಆತನ ದರ್ಶನಕ್ಕೆ ಹೊರಟ ನಮಗಾದರೋ ಆ ಸುಖವಿರಲಿಲ್ಲ. ಮಗನು ಜೀಪನ್ನು ಎತ್ತರಿಸಿ, ಹೇರು ಹೊರುವ ಬಂಡಿಗೆ ತಕ್ಕಂಥ ಗಡುಸಾದ ಕಮಾನುಪಟ್ಟಿಗಳನ್ನು ಹಾಕಿಸಿದ್ದನು. ಎರೆನೆಲದ ಕೊರಕಲಿನಲ್ಲಿ ಗಾಲಿ ಕುಪ್ಪಳಿಸಿದೊಡನೆ ನಮ್ಮ ಮನೆಯಾಕೆಯ ಬೆನ್ನು ಉಳುಕಿತು. ದೇವರೆದುರಿನಲ್ಲಿಯೂ ಆಕೆ ಬಾಗಿ ನಮಸ್ಕರಿಸಲಾರದೆ ಹೋದಳು.

ಕಮಾನನ್ನು ಆರಿಸತಕ್ಕದ್ದು ಬರಿಯ ಎತ್ತರವನ್ನು ನೋಡಿಯಲ್ಲ. ನಿತ್ಯ ಹೊರುವ ಭಾರವನ್ನು ನೋಡಿ. ಹೊರೆಯಿಲ್ಲದ ಗಡುಸು ಕಮಾನು ಬಾಗದು. ಪೆಟ್ಟೆಲ್ಲ ಕುಳಿತವರ ಪಾಲಾಗುವುದು. ಎತ್ತರಿಸಿದ ಬಂಡಿಗೆ ಷಾಕ್ ಅಬ್ಸಾರ್ಬರುಗಳೂ ತಕ್ಕ ಉದ್ದದವಿರಬೇಕು. ಗುರುತ್ವಕೇಂದ್ರವು ಮೇಲೇರುವುದರಿಂದ ತಿರುವಿನಲ್ಲಿ ನಿಧಾನವೂ ಅವಶ್ಯಕ.

ಮಗನು ಮರುವಾರವೇ ಮೆದುವಾದ ಪಟ್ಟಿಗಳನ್ನು ಹಾಕಿಸಿದನು. ಬೆನ್ನು ನೆಟ್ಟಗಾದ ಮೇಲೆ ಪುನಃ ಹೋದೆವು. ಈ ಸಲ ಮನೆಯಾಕೆ ಬಾಗಿ ನಮಸ್ಕರಿಸಿದಳು.